ಕಲ್ಯಾಣದುರ್ಗಕ್ಕೆ ಹೊರಟ ಮಟನ್ ಲೋಫು

ನಮ್ಮ ಮನೆಯಲ್ಲಿ ಅಡುಗೆ ಅಂತ ಶುರುವಾದದ್ದು ಬರೀ ಅಡುಗೆಯಾಗಿ ಮುಗಿದದ್ದು ನನಗೆ ನೆನಪಿಲ್ಲ. ಒಬ್ಬಟ್ಟು ಮಾಡಲು ಹೋದರೆ ಪಕ್ಕದ ಮನೆಯವರ ಜೊತೆ ಜಗಳ ಆಗಿರುತ್ತದೆ, ಉಪ್ಪಿನಕಾಯಿ ಹಾಕಲು ಹೋದರೆ ಎಲೆಕ್ಟ್ರಿಷಿಯನ್ ಬಂದಿರುತ್ತಾನೆ. ನಾನು ಹಿಂದೂಪುರದಲ್ಲಿ ಮನೆಯ ಮುಂದಿನ ಭಾಗದಲ್ಲಿ ಪವರ್ ಲೂಮ್ ಇಟ್ಟುಕೊಂಡು ಸೀರೆ ನೇಯುವವನು. ಹಿಂದಿನ ಭಾಗದಲ್ಲಿ ಏನು ನಡೆದರೂ ಮಗ್ಗದ ಸದ್ದಿನಲ್ಲಿ ನನಗೆ ಕೇಳಿಸುವುದಿಲ್ಲ. ಅದೇ ನನ್ನ ಸಂಸಾರದ ಗುಟ್ಟು. ಆದರೆ ಈ ಸಲ ನನ್ನನ್ನೂ ಎಳೆದುಕೊಂಡರು.

೧. ಸಾರು ಎಲ್ಲಿ?

ಮಗಳನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದ್ದೇವೆ. ಅಳಿಯನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಮಗಳು ಬಸುರಿ. ಸಂತೋಷದ ವಿಷಯವೇ, ಆದರೆ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಗಂಜಿ ಕುಡಿದರೂ ಆಚೆಗೆ, ಮಜ್ಜಿಗೆ ಅನ್ನ ತಿಂದರೂ ಆಚೆಗೆ. ಮುಖ ಸಣ್ಣದಾಗಿ ಹೋಗಿತ್ತು. ಡಾಕ್ಟರು ಇದು ಮಾಮೂಲು, ತಾನೇ ಸರಿಹೋಗುತ್ತದೆ ಅಂದರಂತೆ. ಡಾಕ್ಟರಿಗೆ ಮಾಮೂಲು ಇರಬಹುದು. ನಮಗೆ ಇರುವವಳು ಅವಳೊಬ್ಬಳೇ.

ನಮ್ಮ ಕಡೆ ಬಸುರಿಯ ಬಯಕೆಯನ್ನು ತವರುಮನೆಯವರು ತೀರಿಸಬೇಕು. ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಅಂತ ಮಾತು. ಅದಕ್ಕೆ ನನ್ನ ಹೆಂಡತಿ ದಿನಾ ಫೋನು ಹಚ್ಚಿ, "ಏನು ತಿನ್ಬೇಕು ಅನ್ನಿಸ್ತದೆ ಹೇಳು ಕಣಮ್ಮ, ಅದೇ ಮಾಡ್ಕೊಂಡು ಬತ್ತೀವಿ" ಅಂತ ಕೇಳುತ್ತಿದ್ದಳು. ದಿನಾ "ಏನೂ ಬ್ಯಾಡ ಕಣಮ್ಮ" ಅಂತಿದ್ದ ಹುಡುಗಿ ಒಂದು ದಿನ ಬಾಯಿಬಿಟ್ಟಳು. ನಮ್ಮ ಬೀದಿಯ ಹೆಣ್ಣುಮಕ್ಕಳು ಯಾರಾದರೂ ಕೇಳಿದ್ದರೆ ಮಾವಿನಕಾಯಿ ಕೇಳಿದ್ದಾರೆ, ಪುಳಿಹೋರ ಕೇಳಿದ್ದಾರೆ, ಹೆಚ್ಚೆಂದರೆ ಒಬ್ಬಳು ಸುಣ್ಣದ ಗೋಡೆ ಕೆರೆದು ತಿಂದಿದ್ದಾಳೆ. ನಮ್ಮವಳು ಕೇಳಿದ್ದು ಮೀಟ್ ಲೋಫು. ಪಕ್ಕದಲ್ಲಿ ಹಸಿ ತರಕಾರಿ ಸಲಾಡೂ ಇರಬೇಕಂತೆ.

ಅದು ಹೇಗಿರುತ್ತದೆ ಅಂತ ಅಳಿಯನ ಫೋನಿನಿಂದ ಒಂದು ವಿಡಿಯೋ ಬಂತು. ನಾನೂ ಹೆಂಡತಿಯೂ ಕನ್ನಡಕ ಹಾಕಿಕೊಂಡು ಕೂತು ನೋಡಿದೆವು. ಯಾವುದೋ ದೇಶದ ಹೆಂಗಸು ಖೈಮಾಕ್ಕೆ ಬ್ರೆಡ್ ಪುಡಿ, ಮೊಟ್ಟೆ, ಈರುಳ್ಳಿ ಹಾಕಿ ಕಲಸಿದಳು, ಇಟ್ಟಿಗೆ ಅಚ್ಚಿಗೆ ಮಣ್ಣು ತುಂಬುವ ಹಾಗೆ ಡಬ್ಬಿಗೆ ತುಂಬಿದಳು, ಓವನ್ನಿಗೆ ಇಟ್ಟಳು, ತೆಗೆದಳು, ಕೊಯ್ದಳು, ಪಕ್ಕಕ್ಕೆ ಒಂದಿಷ್ಟು ಹಸಿ ಎಲೆ ಇಟ್ಟಳು. ಅಷ್ಟಕ್ಕೆ ವಿಡಿಯೋ ನಿಂತಿತು. ನನ್ನ ಹೆಂಡತಿ ಇನ್ನೂ ನೋಡುತ್ತಲೇ ಇದ್ದಳು.

"ಮುಗೀತು" ಅಂದೆ.

"ಎಲ್ಲಿ ಮುಗೀತು? ಎರಡನೇ ಭಾಗ ಇರ್ತದೆ, ಹುಡುಕಿ" ಅಂದಳು. "ಸಾರು ಅದ್ರಲ್ಲಿ ಬತ್ತದೆ."

೨. ಯಾರದು ಹುಟ್ಟಿದಬ್ಬ?

ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಗೆ ಹೋದೆ. ಅಂಗಡಿಯವನಿಗೆ ನಮ್ಮ ಮನೆಯ ಲೆಕ್ಕ ಬಾಯಿಪಾಠ. ನಾನು ಕಾಣಿಸುತ್ತಲೇ ತೊಡೆ ಮಾಂಸ, ಎರಡು ಮೂಳೆ, ಸ್ವಲ್ಪ ಈಲಿ, ಅಂದರೆ ಲಿವರ್, ಅಂತ ಕೈ ಹಾಕುತ್ತಾನೆ. ನಾನು ಮೂಳೆ ಬೇಡ, ಈಲಿ ಬೇಡ, ಬರೀ ಖೈಮಾ, ಸಣ್ಣಗೆ, ಅಂದೆ. ಕತ್ತಿ ಕೆಳಗಿಟ್ಟ.

"ಅಣ್ಣಾ, ಹುಷಾರಾಗಿದ್ದೀರಾ?"

"ಹುಷಾರಾಗೇ ಇದ್ದೀನಿ."

"ಹಲ್ಲು ಕೀಳಿಸಿದ್ರಾ?"

ಹಿಂದೆ ಭಾನುವಾರದ ಸಾಲು. ಎಲ್ಲರೂ ನನ್ನ ಬಾಯಿ ನೋಡತೊಡಗಿದರು. ಹಲ್ಲು ಸರಿಯಾಗೇ ಇದೆ, ಇದನ್ನು ಬ್ರೆಡ್ ಪುಡಿ ಹಾಕಿ ಕಲಸಿ, ಡಬ್ಬಿಯಲ್ಲಿಟ್ಟು, ಕೇಕ್ ಮಾಡಿದಂಗೆ ಮಾಡೋದು ಅಂತ ಬಿಡಿಸಿ ಹೇಳಿದೆ. ಆಮೇಲೆ ಚಾಕುವಿನಲ್ಲಿ ಕೊಯ್ದು ಹಂಚುತ್ತಾರೆ, ಅಂತಲೂ ಸೇರಿಸಿದೆ. ಅದನ್ನು ಸೇರಿಸಬಾರದಿತ್ತು. ಅಂಗಡಿಯವನು ಪಾಪ ಒಳ್ಳೆಯ ಮನುಷ್ಯ, ಖೈಮಾವನ್ನು ಎರಡು ಸಲ ಕೊಚ್ಚಿ, ಪೊಟ್ಟಣ ಕಟ್ಟಿ, ಕೈಗೆ ಕೊಡುವಾಗ ಭಾರಿ ಮರ್ಯಾದೆಯಿಂದ ಕೇಳಿದ:

"ಮಟನ್ ಕೇಕೇ ಕೊಯ್ತಾವ್ರೆ ಅಂದ್ರೆ ದೊಡ್ಡೋರೇ ಇರ್ಬೇಕು. ಯಾರದಣ್ಣ ಹುಟ್ಟಿದಬ್ಬ?"

೩. ಕೂಗದ ಕುಕ್ಕರು

ನಮ್ಮ ಮನೆಯಲ್ಲಿ ಮಾಂಸ ಒಳಗಿನ ಒಲೆಗೆ ಬರುವ ಹಾಗಿಲ್ಲ. ಹಿತ್ತಲಲ್ಲಿ ಬೇರೆ ಸೌದೆ ಒಲೆ, ಬೇರೆ ಪಾತ್ರೆ, ಬೇರೆ ಸೌಟು. ಒಳಗಿನ ಪಾತ್ರೆ ಒಂದು ಸಲ ಹಿತ್ತಲಿಗೆ ಹೋದರೆ ಮತ್ತೆ ಒಳಗೆ ಬರುವ ಹಾಗಿಲ್ಲ, ಅದು ಅಲ್ಲೇ ಸಂಸಾರ ಮಾಡಬೇಕು. ಈಗ ತೊಂದರೆ ಏನಪ್ಪಾ ಅಂದರೆ, ನಮಗೆ ಓವನ್ ಇಲ್ಲ. ಓವನ್ ಇಲ್ಲದವರು ಕುಕ್ಕರಿಗೆ ಉಪ್ಪು ಹರವಿ, ಅದರ ಮೇಲೆ ಡಬ್ಬಿ ಇಟ್ಟು ಕೇಕ್ ಮಾಡುತ್ತಾರೆ ಅಂತ ಹೆಂಡತಿಗೆ ಗೊತ್ತಿತ್ತು. ಆದರೆ ಬೇಳೆ ಬೇಯುವ ಕುಕ್ಕರನ್ನು ಹಿತ್ತಲಿಗೆ ಕಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ಪಕ್ಕದ ಮನೆಯಾಕೆಯ ಹಳೇ ಕುಕ್ಕರನ್ನು ಇಸಕೊಂಡು ಬಂದಳು.

ಖೈಮಾಕ್ಕೆ ಬ್ರೆಡ್ ಪುಡಿ, ಮೊಟ್ಟೆ, ಮೆಣಸು, ಶುಂಠಿ ಬೆಳ್ಳುಳ್ಳಿ, ಕೊತ್ತಂಬರಿ ಎಲ್ಲ ಹಾಕಿ ಕಲಸಿ, ಡಬ್ಬಿಗೆ ಒತ್ತಿ, ಕುಕ್ಕರಿನಲ್ಲಿಟ್ಟು, ಮುಚ್ಚಳ ಹಾಕಿದಳು. ನನ್ನನ್ನು ಕರೆದು, "ಮಗ್ಗ ನಿಲ್ಸಿ ಇಲ್ಲಿ ಕೂತ್ಕೊಳ್ಳಿ. ನಾನು ತರಕಾರಿಗೆ ಹೋಯ್ತೀನಿ, ನೋಡ್ಕೊಂಡಿರಿ" ಅಂದಳು. ಎಷ್ಟು ಹೊತ್ತು ನೋಡಿಕೊಳ್ಳಬೇಕು ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದನ್ನೂ ಕೇಳಬೇಕೇ? ಮಟನ್ನಿಗೆ ನಾಲ್ಕು ಕೂಗು. ಇದು ಖೈಮಾ, ಮೂರು ಸಾಕು.

ಮಗ್ಗ ನಿಂತಿದ್ದರಿಂದ ಮನೆಯೆಲ್ಲ ನಿಶ್ಶಬ್ದ. ನಾನು ಒಲೆಯ ಮುಂದೆ ಮಣೆ ಹಾಕಿಕೊಂಡು ಮೊದಲ ಕೂಗಿಗೆ ಕಾದೆ. ಕೂಗಲಿಲ್ಲ. ಬೆಂಕಿ ಸಾಲದು ಅಂತ ಇನ್ನೊಂದು ಸೌದೆ ಇಟ್ಟೆ. ಆಗಲೂ ಕೂಗಲಿಲ್ಲ. ಮತ್ತೊಂದು ಇಟ್ಟೆ. ಒಳ್ಳೆಯ ವಾಸನೆ ಬಂತು, ಆಮೇಲೆ ಜೋರು ವಾಸನೆ ಬಂತು, ಆಮೇಲೆ ಬಂದದ್ದು ಬೇರೆ ವಾಸನೆ. ಗೋಡೆಯ ಆಚೆಯಿಂದ ಪಕ್ಕದ ಮನೆಯಾಕೆ, "ಏನೋ ಸುಡ್ತಾ ಐತಲ್ಲಣ್ಣ" ಅಂದಳು.

"ಇಲ್ಲ ಕಣಮ್ಮ, ಇನ್ನೂ ಒಂದೂ ಕೂಗಿಲ್ಲ" ಅಂದೆ.

ಹೆಂಡತಿ ಬಂದವಳೇ ಚೀಲ ಎಸೆದು ಮುಚ್ಚಳ ತೆಗೆದಳು. ಒಳಗೆ ರಸ್ತೆಗೆ ಹಾಕುವ ಡಾಂಬರಿನ ತುಂಡೊಂದು ಕೂತಿತ್ತು. ನಾನು ಕುಕ್ಕರಿನದೇ ತಪ್ಪು, ಹಳೇದು, ಕೂಗಲೇ ಇಲ್ಲ ಅಂದೆ. ಅವಳು ಸೊಂಟದ ಗಂಟು ಬಿಚ್ಚಿ ಕುಕ್ಕರಿನ ವಿಶಲ್ ತೆಗೆದು ತೋರಿಸಿದಳು. ಕೇಕ್ ಥರದ್ದಕ್ಕೆ ವಿಶಲ್ ಹಾಕುವುದಿಲ್ಲವಂತೆ. ಪರರ ವಸ್ತು, ಕಳೆದುಹೋದೀತು ಅಂತ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿದ್ದಳು.

"ಕೂಗೋದು ನನ್ನ ಹತ್ರ ಇತ್ತು" ಅಂದಳು. "ಮಾರ್ಕೆಟ್ಟಲ್ಲಿ ನಿಂತು ನಾನು ಕೂಗ್ಬೇಕಿತ್ತಾ?"

೪. ಸಿಲಿಂಡರು

ಅವತ್ತು ಅವಳು ಮಾರ್ಕೆಟ್ಟಿನಿಂದ ತಂದಿದ್ದು ಬರೀ ದಂಟು ಸೊಪ್ಪು. ವಿಡಿಯೋದಲ್ಲಿದ್ದ ಎಲೆ ಅದಲ್ಲ. ಸೋಮವಾರ ನಮಗೆ ಮಾಂಸ ಇಲ್ಲ, ಮಂಗಳವಾರ ಮಾರ್ಕೆಟ್ಟಿಗೆ ನಾನೇ ಹೋದೆ. ವಿಡಿಯೋವನ್ನು ಆ ಎಲೆಯ ಹತ್ತಿರ ನಿಲ್ಲಿಸಿ ತರಕಾರಿಯಾಕೆಗೆ ತೋರಿಸಿದೆ. ಆಕೆ ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವವಳು.

"ಇದಾ? ಇದು ಬೆಂಗ್ಳೂರಲ್ಲಿ ಸಿಗ್ತದೆ ಅಣ್ಣ, ಇಲ್ಲಿ ತಂದ್ರೆ ಕುರಿಯೋರು ಬಿಟ್ರೆ ಯಾರೂ ಕೇಳಲ್ಲ. ಎಲೆಕೋಸು ತಗಂಡೋಗು. ಪಲ್ಯ ಮಾಡಕ್ಕಾ?"

"ಪಲ್ಯ ಅಲ್ಲ, ಹಂಗೇ ತಿನ್ನಕ್ಕೆ."

"ಬೇಯ್ಸಲ್ವಾ?"

"ಇಲ್ಲ."

"ಒಗ್ಗರಣೆ?"

"ಅದೂ ಇಲ್ಲ. ಸವತೆಕಾಯಿ, ಟೊಮೇಟೊ, ಕ್ಯಾರೆಟ್ಟು, ಎಲ್ಲ ಹಸೀದೇ."

ಆಕೆ ಆ ಕಡೆ ಈ ಕಡೆ ನೋಡಿದಳು. ನಾಲ್ಕು ಒಳ್ಳೆಯ ಎಳೆ ಸವತೆಕಾಯಿ, ಗಟ್ಟಿ ಟೊಮೇಟೊ, ಕ್ಯಾರೆಟ್ಟು, ಈರುಳ್ಳಿ, ಒಂದು ಎಳೆ ಕೋಸು ಆರಿಸಿ ಚೀಲಕ್ಕೆ ಹಾಕಿದಳು. ಮೇಲೆ ಕೊತ್ತಂಬರಿ, ನಿಂಬೆಹಣ್ಣು ಸುಮ್ಮನೆ ಕೊಟ್ಟಳು. ಆಮೇಲೆ ಯಾರಿಗೂ ಕೇಳಿಸದ ಹಾಗೆ ಹತ್ತಿರ ಬಗ್ಗಿದಳು.

"ಸಿಲಿಂಡರ್ ಅಯಿಪೋಯಿಂದಾ ಅಣ್ಣ? ಮುಗ್ದೋಗಿದ್ರೆ ನಾಚ್ಕೊಬ್ಯಾಡ. ನಮ್ಮನೆ ಇಲ್ಲೇ ಹಿಂದೆ, ಬೇಯಿಸ್ಕೊಂಡು ಹೋಗು."

೫. ಬೋಳು ಕಾಣ್ತಿತ್ತು

ಬುಧವಾರ ಹೊಸ ಖೈಮಾ. ಅಂಗಡಿಯವನು, "ಹುಟ್ಟಿದಬ್ಬ ಚೆನ್ನಾಗಾಯ್ತಾ?" ಅಂತ ಕೇಳಿದ. ಹೂಂ ಅಂದೆ. ಎರಡನೇ ಸಲದ ಡಬ್ಬಿಯನ್ನು ಹೆಂಡತಿ ಕುಕ್ಕರಿಗೂ ಕೊಡಲಿಲ್ಲ, ನನಗೂ ಕೊಡಲಿಲ್ಲ. ಅಂದರೆ, ನನ್ನ ಕೈಗೆ ಕೊಟ್ಟಳು, ಆದರೆ ನೇರ ಬೇಕರಿಗೆ ತಲುಪಿಸಲು ಮಾತ್ರ. ಚಿಕನ್ ಪಫ್ ಮಾಡುವ ಬೇಕರಿ, ಆದ್ದರಿಂದ ಮಡಿ ಮೈಲಿಗೆಯ ಪ್ರಶ್ನೆ ಇರಲಿಲ್ಲ. ಒಲೆಯ ಹತ್ತಿರ ಇರುವವನು ಹಾಸನದ ಕಡೆಯವನು, ಕೆಲಸದಲ್ಲಿ ಗಟ್ಟಿಗ. ರಸ್ಕ್ ತೆಗೆದ ಮೇಲೆ ಆ ಬಿಸಿಯಲ್ಲಿ ಇಟ್ಟುಕೊಡ್ತೀನಿ, ಹೊರಗೆ ಟೀ ಕುಡಿದು ಬನ್ನಿ ಅಂದ.

ಟೀ ಕುಡಿದು ಬಂದೆ. ಲೋಫು ಬೆಂದಿತ್ತು. ಎಷ್ಟು ಚೆನ್ನಾಗಿ ಅಂದರೆ, ನಾಲ್ಕೂ ಕಡೆ ಕೆಂಪಗೆ, ವಿಡಿಯೋದಲ್ಲಿದ್ದ ಹಾಗೇ. ಮೇಲೆ ಮಾತ್ರ ಸಕ್ಕರೆ ಪಾಕ ಸವರಿ, ಕೆಂಪು ಹಸಿರು ಹಳದಿ ಟೂಟಿಫ್ರೂಟಿ ಉದುರಿಸಿ, ನಟ್ಟನಡುವೆ ಒಂದು ಚೆರ್ರಿ ಒತ್ತಿದ್ದ.

"ಇದೇನಪ್ಪಾ?" ಅಂದೆ.

ಅವನು ತಾನೇ ಮೊದಲ ಸಲ ನೋಡಿದವನ ಹಾಗೆ ನೋಡಿದ. "ಕೈ ಅಭ್ಯಾಸ ಅಣ್ಣ. ಬೋಳು ಕಾಣ್ತಿತ್ತು" ಅಂದ.

ಮನೆಗೆ ತಂದು ನಾನೂ ಹೆಂಡತಿಯೂ ಬಿಸಿನೀರಿನ ಬಟ್ಟೆಯಲ್ಲಿ ಪಾಕ ಒರೆಸಿ, ಸೂಜಿ ತಗೊಂಡು ಟೂಟಿಫ್ರೂಟಿ ಒಂದೊಂದೇ ಕಿತ್ತೆವು. ಜರಿ ಬಿಡಿಸಿ ರೂಢಿ ಇರುವ ಕೈ, ಬಂತು. ಚೆರ್ರಿ ಮಾತ್ರ ಒಳಗೆ ಇಳಿದು ಕೂತಿತ್ತು, ಕಿತ್ತರೆ ಲೋಫೇ ಬಿರಿಯುವಂತಿತ್ತು. ಹೆಂಡತಿ ಸೂಜಿ ಕೆಳಗಿಟ್ಟಳು.

"ಇರ್ಲಿ ಬಿಡಿ" ಅಂದಳು. "ಬಸುರಿಗೆ ಹಣ್ಣು ಒಳ್ಳೇದು."

೬. ಹೆಣ್ಣಾದರೆ ಟಿಕೆಟ್ ಇಲ್ಲ

ಹೆಂಡತಿಗೆ ಮೊಣಕಾಲು ನೋವು, ಬಸ್ಸಿನಲ್ಲಿ ಅಷ್ಟು ದೂರ ಆಗುವುದಿಲ್ಲ. ಅವತ್ತೇ ನಾನೊಬ್ಬನೇ ಹೊರಟೆ. ಬೇಕರಿಯವನು ಲೋಫಿಗೆ ರಿಬ್ಬನ್ ಕಟ್ಟಿದ ಕೇಕಿನ ಡಬ್ಬವನ್ನೇ ಕೊಟ್ಟಿದ್ದ. ಅದು ತೊಡೆಯ ಮೇಲೆ, ತರಕಾರಿ ಚೀಲ ಕಾಲಡಿ. ಹೆಚ್ಚಿಕೊಂಡು ಹೋದರೆ ಬಾಡುತ್ತದೆ, ಅಲ್ಲೇ ಹೆಚ್ಚಿ ಅಂತ ಅಪ್ಪಣೆ ಆಗಿತ್ತು.

ಸೋಮಂದೇಪಲ್ಲಿಯಲ್ಲಿ ಒಬ್ಬ ಅಜ್ಜಿ ಹತ್ತಿ ಪಕ್ಕದಲ್ಲಿ ಕೂತಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೂಗು ಎಳೆದು, ಡಬ್ಬವನ್ನೂ ನನ್ನನ್ನೂ ನೋಡಿ, "ಕೇಕಿಗೆ ಬೆಳ್ಳುಳ್ಳಿ ಹಾಕವ್ರಾ?" ಅಂದಳು. ಸುಳ್ಳು ಹೇಳಲು ಆಗಲಿಲ್ಲ. ಮಟನ್ನು, ಬಸುರಿ ಮಗಳಿಗೆ, ಅಂದೆ. ಅಜ್ಜಿ ಸೀಟಿನಲ್ಲೇ ಒಂದು ಗೇಣು ಸರಿದಳು.

"ಮಾಂಸ ತಗಂಡು ದಾರೀಲಿ ಹೋಗೋರು ಹಿಂಗೇ ಹೋಗ್ತಾರೇನಪ್ಪಾ? ಒಂದು ಇದ್ಲು ಇಲ್ಲ, ಕಬ್ಬಿಣ ಇಲ್ಲ. ಗಾಳಿ ಹಿಂದೆ ಬತ್ತದೆ. ಅದೂ ಬಸುರಿ ಮನೇಗೆ."

ಈ ಮಾತು ಮುಂದಿನ ಸೀಟಿಗೆ ಹೋಯಿತು, ಅಲ್ಲಿಂದ ಡ್ರೈವರ್ ತನಕ ಹೋಯಿತು. ಯಾರೋ ಒಂದು ಮೊಳೆ ಕೊಟ್ಟರು. ಯಾರೋ ಒಣಮೆಣಸಿನಕಾಯಿ ಕೊಟ್ಟರು. ಒಬ್ಬ ಬೇವಿನ ಕಡ್ಡಿ ಕೊಟ್ಟ, ಬೆಳಿಗ್ಗೆ ಅವನು ಹಲ್ಲು ಉಜ್ಜಿದ್ದು ಅಂತ ನನಗೆ ಅನುಮಾನ. ಎಲ್ಲವನ್ನೂ ಅಜ್ಜಿ ರಿಬ್ಬನ್ನಿಗೆ ಸಿಕ್ಕಿಸಿದಳು. ಈ ಮಧ್ಯೆ ಅಳಿಯ ಫೋನ್ ಮಾಡಿ, "ಎಲ್ಲಿಗೆ ಬಂದ್ರಿ ಮಾವ?" ಅಂದ. ಪೆನುಕೊಂಡ ದಾಟಿದ ಮೇಲೆ ಮತ್ತೆ ಮಾಡಿ, "ಬಿಸಿ ಐತಾ ಮಾವ?" ಅಂದ. ಹೆಂಡತಿಯ ಮೇಲೆ ಇಷ್ಟು ಕಾಳಜಿ ಇರುವ ಹುಡುಗ ಸಿಕ್ಕಿದನಲ್ಲ ಅಂತ ನನಗೆ ನಿಜಕ್ಕೂ ಸಮಾಧಾನ ಆಯಿತು.

ಅಷ್ಟರಲ್ಲಿ ಕಂಡಕ್ಟರು ಬಂದು ಏನು ಗಲಾಟೆ ಅಂದ. ಈಯಪ್ಪನ ಹಿಂದೆ ದೆವ್ವ ಹತ್ತಿರಬಹುದು ಅಂತ ಅಜ್ಜಿ ಹೇಳಿದಳು. ಅವನು ಮಷಿನ್ ಕೈಯಲ್ಲಿ ಹಿಡಿದು, ನನ್ನ ಹಿಂದೆ ಒಂದು ಸಲ ಬಗ್ಗಿ ನೋಡಿದ.

"ಗಂಡಾದ್ರೆ ಟಿಕೆಟ್ ತಗೋಬೇಕು" ಅಂದ. "ಹೆಣ್ಣಾದ್ರೆ ಆಧಾರ್ ತೋರ್ಸಿದ್ರೆ ಸಾಕು, ಫ್ರೀ."

೭. ಬಯಕೆ

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಿಂದ ಆಟೋ ಹಿಡಿದು ಮನೆ ಸೇರಿದೆ. ಮಗಳು ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕೈಬಳೆ ಮೊಣಕೈ ತನಕ ಜಾರುವಷ್ಟು ಸೊರಗಿದ್ದಳು. ನನ್ನನ್ನು ನೋಡಿ ನಕ್ಕಳು. ಬೀಗಿತ್ತಿ ನೀರು ಕೊಟ್ಟು, ಮೊಳೆ ಮೆಣಸಿನಕಾಯಿ ಕಟ್ಟಿದ ಕೇಕಿನ ಡಬ್ಬ ನೋಡಿ, ಏನೂ ಕೇಳಲಿಲ್ಲ. ದೊಡ್ಡ ಮನಸ್ಸಿನ ಹೆಂಗಸು.

ಡಬ್ಬ ತೆರೆದೆ. ಮಗಳು ಬಗ್ಗಿ ನೋಡಿದಳು, ವಾಸನೆ ಮೂಗಿಗೆ ತಾಕಿತು, ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು.

ಎರಡು ಸಲದ ಖೈಮಾ, ಸೂಜಿಯಲ್ಲಿ ಕಿತ್ತ ಟೂಟಿಫ್ರೂಟಿ, ಇಷ್ಟು ದೂರದ ದಾರಿ, ಅದೆಲ್ಲ ಹೋಗಲಿ. ಹುಡುಗಿ ಒಂದು ತುತ್ತು ತಿಂದರೆ ಸಾಕು ಅಂತ ಬಂದಿದ್ದೆ. ಈಗ ಅವಳಮ್ಮನಿಗೆ ಫೋನಿನಲ್ಲಿ ಏನಂತ ಹೇಳಲಿ? ಬೀಗಿತ್ತಿ ಸದ್ದಿಲ್ಲದೆ ಡಬ್ಬವನ್ನು ಎತ್ತಿ ಜಗಲಿಯ ಮೇಲೆ ಇಟ್ಟು ಬಂದಳು.

ಮಗಳು ಮುಖ ತೊಳೆದುಕೊಂಡು ಬಂದು ಕೂತಳು. ಕಾಲ ಹತ್ತಿರ ನನ್ನ ತರಕಾರಿ ಚೀಲ ಇತ್ತು. ಸುಮ್ಮನೆ ಕೈ ಹಾಕಿ ಒಂದು ಸವತೆಕಾಯಿ ತೆಗೆದು, ಸೆರಗಿಗೆ ಒರೆಸಿ, ಕಡಿದಳು. ನಾನೂ ಬೀಗಿತ್ತಿಯೂ ನೋಡುತ್ತಾ ನಿಂತೆವು. ಅಗಿದಳು. ನುಂಗಿದಳು. ಇನ್ನೊಮ್ಮೆ ಕಡಿದಳು.

"ಚಾಕು ಕೊಡಿ ಅತ್ತೆ" ಅಂದಳು.

ಬೀಗಿತ್ತಿ ಚಾಕು, ತಟ್ಟೆ ಎರಡೂ ತಂದಳು. ಮಗಳು ಸವತೆಕಾಯಿ, ಟೊಮೇಟೊ, ಎಳೆ ಕೋಸು ಹೆಚ್ಚಿ, ಉಪ್ಪು ಮೆಣಸು ಹಾಕಿ, ನಿಂಬೆಹಣ್ಣು ಹಿಂಡಿದಳು. ಬೀಗಿತ್ತಿ ಅದರ ಮೇಲೆ ಒಂದು ಹಿಡಿ ಹುರಿದ ಕಡಲೆಬೀಜ ಉದುರಿಸಿದಳು. ತಟ್ಟೆ ಖಾಲಿ ಆಯಿತು. ಎಲ್ಲರೂ ಹಿತ್ತಲ ಬಾಗಿಲು ನೋಡುತ್ತಾ ಕಾದೆವು. ಮಗಳು ಏಳಲಿಲ್ಲ. ಎರಡನೇ ತಟ್ಟೆಗೆ ಕ್ಯಾರೆಟ್ಟು ತುರಿಯತೊಡಗಿದಳು. ನಾನು ಮುಖ ತಿರುಗಿಸಿ ಕಣ್ಣು ಒರೆಸಿಕೊಂಡು, ಈರುಳ್ಳಿ ಖಾರ ಜಾಸ್ತಿ ಅಂದೆ. ಈರುಳ್ಳಿಯನ್ನು ಯಾರೂ ಇನ್ನೂ ಹೆಚ್ಚಿರಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡು ಕೇಳಿದೆ. "ಸೊಪ್ಪು ಸದೆ ತಿನ್ನೋದೇ ಆಗಿದ್ರೆ ಆ ಮಟನ್ ಲೋಫು ಯಾಕೆ ಕೇಳಿದೆ ಕಣಮ್ಮ?"

ಮಗಳು ಕ್ಯಾರೆಟ್ಟು ತುರಿಯುವುದನ್ನು ನಿಲ್ಲಿಸಿದಳು. "ಸಲಾಡು ನಂದಪ್ಪ" ಅಂದಳು. "ಲೋಫು ನಂದಲ್ಲ."

"ಮತ್ತೆ?"

"ಅವ್ರದು. ಆ ವಿಡಿಯೋ ದಿನಾ ನೋಡೋರು. ಅತ್ತೆ ಮನೇಲಿ ಅಳಿಯ ಬಾಯ್ಬಿಟ್ಟು ಕೇಳಿದ್ರೆ ಮರ್ಯಾದೆ ಹೋಗ್ತದೆ, ನೀನು ಕೇಳಿದ್ರೆ ಯಾರೂ ಇಲ್ಲ ಅನ್ನಲ್ಲ, ನಿನ್ನ ಬಯಕೆ ಅಂತ ಹೇಳು, ಅಂದ್ರು. ಪಕ್ಕದ ತರಕಾರಿ ನೋಡಿ ನಂಗೂ ಬಾಯಲ್ಲಿ ನೀರು ಬಂತು. ಹೇಳ್ಬುಟ್ಟೆ."

ಅಳಿಯನನ್ನು ಕರೆದು ಕೇಳೋಣ ಅಂದರೆ ಅವನು ಅಂಗಡಿಯಲ್ಲಿರಬೇಕಾದ ಹೊತ್ತು. ಬೀಗಿತ್ತಿಗೆ ಏನು ಅನುಮಾನ ಬಂತೋ, ಎದ್ದು ಜಗಲಿಗೆ ಹೋದಳು. ನಾನೂ ಹಿಂದೆ ಹೋದೆ. ಮಗಳೂ ತಟ್ಟೆ ಹಿಡಿದು ಬಂದಳು.

ಅಂಗಡಿಯ ಶಟರ್ ಎಳೆದು ಬಂದಿದ್ದ ಅಳಿಯ ಜಗಲಿಯ ಮೂಲೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದ. ರಿಬ್ಬನ್ನು, ಮೊಳೆ, ಬೇವಿನ ಕಡ್ಡಿ ಒಂದು ಕಡೆಗೆ ಬಿದ್ದಿದ್ದವು. ಲೋಫಿನಲ್ಲಿ ಅರ್ಧ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಚೆರ್ರಿ ಇದ್ದ ತುಂಡನ್ನು ಅಗಿಯುತ್ತಿದ್ದ. ನಮ್ಮ ನೆರಳು ಬಿದ್ದಾಗ ಕಣ್ಣು ತೆರೆದ. ಬಾಯಿ ತುಂಬಿತ್ತು. ನುಂಗಲೂ ಆಗದೆ ಉಗುಳಲೂ ಆಗದೆ ನನ್ನನ್ನು ನೋಡಿ ಎರಡೂ ಕೈ ಜೋಡಿಸಿದ.

ಮಗಳು ಗೋಡೆ ಹಿಡಿದುಕೊಂಡು ನಕ್ಕಳು. ಎಷ್ಟೋ ದಿನ ಆಗಿತ್ತು ಅವಳ ಆ ನಗು ಕೇಳಿ. ಬೀಗಿತ್ತಿ ಮಾತ್ರ ನಗಲಿಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡು ಮಗನನ್ನು ತಲೆಯಿಂದ ಹೊಟ್ಟೆಯ ತನಕ ನೋಡಿದಳು.

"ನಿಂಗೆ ಈಗ ಎಷ್ಟು ತಿಂಗಳಪ್ಪಾ?" ಅಂತ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಬೀಗರೇ, ಸೀಮಂತಕ್ಕೆ ಬರೋವಾಗ ಇವನ ಕೈ ಅಳತೇದೂ ಒಂದು ಡಜನ್ ಬಳೆ ತಂದ್ಬುಡಿ" ಅಂದಳು.